ಕ್ರಿಯಾಪದಗಳು ಬೇಕಾಗಿವೆ

ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ಬೆಂಗಳೂರಿನ ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನಲ್ಲಿ ನಿಂತರೆ ಇಂಥ ಮಾತು ಕಿವಿಗೆ ಬೀಳುತ್ತದೆ: ‘ಅಣ್ಣಾ, ಸೆಕೆಂಡ್ ಶಿಫ್ಟ್ ಡ್ಯೂಟಿ. ಸಿಗ್ನಲ್ಲಲ್ಲಿ ಟ್ರಾಫಿಕ್ ಜಾಮ್ ಆಗಿ ಕ್ಯಾಬ್ ಲೇಟಾದ್ರೆ ಸೂಪರ್‌ವೈಸರ್ ಹಾಫ್ ಡೇ ಆಬ್ಸೆಂಟ್ ಹಾಕ್ಬಿಡ್ತಾನೆ, ಸ್ಯಾಲರಿ ಕಟ್ಟು.’

ಎಣಿಸಿ ನೋಡಿ, 14 ಇಂಗ್ಲಿಷ್ ಪದಗಳಿವೆ. ಆದರೂ ಹೀಗೆ ಮಾತಾಡಿದ ಹುಡುಗನನ್ನು ‘ಇಂಗ್ಲಿಷ್ ಬರುತ್ತೇನಪ್ಪ?’ ಎಂದು ಕೇಳಿದರೆ ‘ಇಲ್ಲ ಸಾರ್, ಬರಲ್ಲ’ ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಆ ಹದಿನಾಲ್ಕರಲ್ಲಿ ಎಲ್ಲವೂ ಹೆಸರುಗಳು, ಇಲ್ಲವೇ ಹೆಸರಿನ ಪಕ್ಕ ನಿಲ್ಲುವ ವಿಶೇಷಣಗಳು. ವಾಕ್ಯವನ್ನು ಎಳೆದುಕೊಂಡು ಹೋಗುವ ‘ಆಗಿ’, ‘ಆದ್ರೆ’, ‘ಹಾಕ್ಬಿಡ್ತಾನೆ’ ಅಷ್ಟೂ ಅಚ್ಚ ಕನ್ನಡ. ಕ್ರಿಯಾಪದವನ್ನು ತೆಗೆದುಬಿಟ್ಟರೆ ಅವನ ಬಾಯಲ್ಲಿ ಉಳಿಯುವುದು ಬರೀ ಪಟ್ಟಿ. ಪಟ್ಟಿ ಹಿಡಿದುಕೊಂಡು ಯಾರ ಜೊತೆಗೂ ಮಾತಾಡಲಾಗದು.

ಕೃಷ್ಣರಾಜಪುರದ, ಅಂದರೆ ಕೆ.ಆರ್. ಪುರದ ಸುತ್ತಮುತ್ತ ಮೊದಲ ಮಹಡಿಗಳಲ್ಲಿ ನೇತಾಡುವ ಸ್ಪೋಕನ್ ಇಂಗ್ಲಿಷ್ ಬೋರ್ಡುಗಳನ್ನು ಕಂಡಾಗಲೆಲ್ಲ ನನಗೆ ಈ ಪಟ್ಟಿಯ ಯೋಚನೆಯೇ ಬರುತ್ತದೆ. ದಿನಕ್ಕೆ ಹತ್ತು ಹೊಸ ಪದ, ತಿಂಗಳಿಗೆ ಮುನ್ನೂರು ಎಂಬ ಲೆಕ್ಕ ಕೇಳಲು ಚೆಂದ. ಕೋಚಿಂಗ್ ನಡೆಸುವವರಿಗೂ ಸಲೀಸು: ಜೆರಾಕ್ಸ್ ಹಾಳೆ ಹಂಚಿದರೆ ಪಾಠ ಮುಗಿಯಿತು. ಆ ಹಾಳೆಯಲ್ಲಿ ಇರುವುದು ಮತ್ತೆ ಹೆಸರುಗಳೇ. ಹಣ್ಣಿನ ಹೆಸರು, ಬಣ್ಣದ ಹೆಸರು, ದೇಹದ ಅಂಗಾಂಗಗಳ ಹೆಸರು. ಹೆಸರಿಗೆ ಬರವೇ ಇಲ್ಲದ ಊರಿಗೆ ಇನ್ನಷ್ಟು ಹೆಸರುಗಳನ್ನು ಸುರಿದು ಏನು ಪ್ರಯೋಜನ?

ಕಂತುಕಂತಾಗಿ ಬಂದ ಇಂಗ್ಲಿಷ್

ಈ ಹೆಸರುಗಳು ಮೊಬೈಲ್ ಬಂದ ಮೇಲೆ ಬಂದವಲ್ಲ. ಹಳೇ ಮದ್ರಾಸ್ ರಸ್ತೆಯ ಉದ್ದಕ್ಕೂ ಇನ್ನೂರು ವರ್ಷಗಳಿಂದ ಕಂತುಕಂತಾಗಿ ಇಳಿಯುತ್ತ ಬಂದಿವೆ. 1809ರಲ್ಲಿ ಹಲಸೂರಿನ ಬಳಿ ಬ್ರಿಟಿಷರ ದಂಡು ಬೀಡುಬಿಟ್ಟಿತು. ದೊರೆಗಳ ಮನೆಯ ಅಡುಗೆ, ಕುದುರೆ, ತೋಟ, ಬಟ್ಟೆ ನೋಡಿಕೊಳ್ಳಲು ಬಂದ ತಮಿಳರು, ತೆಲುಗರು, ಕನ್ನಡಿಗರು ಯಾವ ಶಾಲೆಗೂ ಹೋಗದೆ ಕೆಲಸ ಮಾಡುತ್ತಲೇ ಇಂಗ್ಲಿಷ್ ಕಲಿತರು. ಮದ್ರಾಸ್ ಪ್ರಾಂತ್ಯದ ಕಡೆ ಇದಕ್ಕೆ ‘ಬಟ್ಲರ್ ಇಂಗ್ಲಿಷ್’ ಎಂಬ ಹೆಸರೇ ಬಿತ್ತು. 1886ರಲ್ಲಿ ಅಚ್ಚಾದ ಹಾಬ್ಸನ್-ಜಾಬ್ಸನ್ ಎಂಬ ಪ್ರಸಿದ್ಧ ಪದಕೋಶ ಈ ಭಾಷೆಯ ವ್ಯಾಕರಣವನ್ನು ತುಸು ನಗುತ್ತಲೇ ದಾಖಲಿಸಿದೆ: ‘ಐ ಟೆಲ್ಲಿಂಗ್’ ಎಂದರೆ ‘ಹೇಳ್ತೀನಿ’, ‘ಐ ಡನ್ ಟೆಲ್’ ಎಂದರೆ ‘ಹೇಳಾಯ್ತು’. ನಗುವುದಕ್ಕೆ ಇದರಲ್ಲಿ ಏನೂ ಇಲ್ಲ ಎಂಬುದು ನನ್ನ ಅಭಿಪ್ರಾಯ. ಒಂದೇ ಕ್ರಿಯಾಪದಕ್ಕೆ ಎರಡು ರೂಪ ಕೊಟ್ಟು, ಮುಂದೆ ಆಗುವುದನ್ನೂ ಹಿಂದೆ ಆದದ್ದನ್ನೂ ಬೇರ್ಪಡಿಸಿಕೊಂಡ ಜಾಣತನ ಅದು. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ‘ಐ ಟೆಲ್ಲಿಂಗ್ ಮೇಡಂ’ ಇವತ್ತಿಗೂ ಕೇಳುತ್ತದೆ.

1882ರಲ್ಲಿ ಪಕ್ಕದಲ್ಲೇ ವೈಟ್‌ಫೀಲ್ಡ್ ಹುಟ್ಟಿತು. ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘದ ಡಿ.ಎಸ್. ವೈಟ್ ಅವರ ಕನಸಿನ ಊರು, ಚಾಮರಾಜ ಒಡೆಯರು ಕೊಟ್ಟ ಜಮೀನು. ಇಂಗ್ಲಿಷನ್ನೇ ಮನೆಮಾತಾಗಿ ಆಡುವ ಕುಟುಂಬಗಳು ಅಲ್ಲಿ ತೋಟ ಮಾಡಿಕೊಂಡು ನೆಲೆಸಿದವು. ಮುಂದೆ 1948ರಲ್ಲಿ ದೂರವಾಣಿನಗರದಲ್ಲಿ ಐಟಿಐ ಎದ್ದಿತು. ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ಯಮ. ದೇಶಕ್ಕೆಲ್ಲ ಟೆಲಿಫೋನು ಮಾಡಿಕೊಟ್ಟ ಈ ಕಾರ್ಖಾನೆಯಂಥವು ಸುತ್ತಲಿನ ಹಳ್ಳಿಗಳ ಮಾತಿಗೆ ಶಿಫ್ಟು, ಓವರ್‌ಟೈಮು, ಕ್ಯಾಂಟೀನು, ಯೂನಿಯನ್ನು, ಬೋನಸ್ಸು ಎಂಬ ಒಂದು ದೊಡ್ಡ ಕಂತನ್ನು ಸೇರಿಸಿದವು. ತೊಂಬತ್ತರ ದಶಕದಲ್ಲಿ ವೈಟ್‌ಫೀಲ್ಡಿನ ಐಟಿ ಪಾರ್ಕು ಬಂದ ಮೇಲೆ ಲಾಗಿನ್, ಕ್ಯಾಬ್, ಹೌಸ್‌ಕೀಪಿಂಗ್, ಟವರ್, ಅಸೋಸಿಯೇಷನ್. ಕೆಲವು ಪದಗಳು ಇಲ್ಲಿಗೆ ಬಂದು ಬೇರೆಯೇ ಅರ್ಥ ಹೊದ್ದುಕೊಂಡವು. ‘ಸೈಟು’ ಎಂದರೆ ಮನೆ ಕಟ್ಟುವ ಜಾಗ, ‘ಅಡ್ವಾನ್ಸು’ ಎಂದರೆ ಬಾಡಿಗೆ ಮನೆಗೆ ಮೊದಲೇ ಎಣಿಸುವ ಹತ್ತು ತಿಂಗಳ ದುಡ್ಡು, ‘ಓನರ್ರು’ ಎಂದರೆ ಮೇಲಿನ ಮಹಡಿಯಲ್ಲಿ ಕೂತು ನೀರಿನ ಮೋಟಾರಿನ ಲೆಕ್ಕ ಇಡುವವರು.

ಬೆಳಗಿನ ಮಾರಿಕುಪ್ಪಂ ರೈಲುಗಳಲ್ಲಿ ಬಂದಿಳಿಯುವ ಕೆಜಿಎಫ್ ಜನರದ್ದು ಮಾತ್ರ ಬೇರೆ ಕತೆ. 2001ರ ಫೆಬ್ರುವರಿಯಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಬೆಂಗಳೂರಿನ ಕೆಲಸಕ್ಕೆ ದಿನಾ ರೈಲು ಹಿಡಿಯುವ ಇವರಲ್ಲಿ ಅನೇಕರಿಗೆ ಇಂಗ್ಲಿಷಿನ ಹೆದರಿಕೆಯೇ ಇಲ್ಲ. ಬ್ರಿಟಿಷ್ ಕಂಪನಿಯ ಗಣಿಯಲ್ಲಿ ದುಡಿದ ತಾತಂದಿರು ಇಂಗ್ಲಿಷನ್ನು ಹೊಟ್ಟೆಪಾಡಿನ ಭಾಷೆಯಾಗಿ ಮನೆಗೆ ತಂದಿದ್ದರು. ತಪ್ಪಾದರೂ ಸರಿ, ವಾಕ್ಯವನ್ನು ಪೂರ್ತಿ ಆಡುತ್ತಾರೆ. ಹೆಸರನ್ನು ಹೇಳಿ ಅರ್ಧಕ್ಕೆ ನಿಲ್ಲಿಸುವುದಿಲ್ಲ.

ಹದಿನೆಂಟು ಸಾಕು ಎಂದವರು

ಎಷ್ಟು ಪದ ಗೊತ್ತಿದ್ದರೆ ಸಾಕು? ಈ ಪ್ರಶ್ನೆಯ ಹಿಂದೆ ಬಿದ್ದ ಇಬ್ಬರನ್ನು ಇಲ್ಲಿ ನೆನೆಯಬೇಕು. ಮೈಕೆಲ್ ವೆಸ್ಟ್ ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದವರು. ಬಂಗಾಳದ ಮಕ್ಕಳು ವರ್ಷಗಟ್ಟಲೆ ಇಂಗ್ಲಿಷ್ ಓದಿಯೂ ಒಂದು ಪುಸ್ತಕವನ್ನು ತಾವಾಗಿ ಓದಲಾರದೆ ಒದ್ದಾಡುವುದನ್ನು ಕಂಡು, ಯಾವ ಪದ ಎಷ್ಟು ಸಲ ಬರುತ್ತದೆ ಎಂಬುದರ ಬೆನ್ನು ಹತ್ತಿದರು. 1953ರಲ್ಲಿ ಹೊರಬಂದ ಅವರ ಪಟ್ಟಿಯಲ್ಲಿ ಸುಮಾರು 2000 ಮೂಲಪದಗಳಿವೆ. ಸಾಮಾನ್ಯ ಇಂಗ್ಲಿಷ್ ಬರಹದ ಶೇ 80ರಷ್ಟು ಭಾಗ ಈ ಎರಡು ಸಾವಿರದಲ್ಲೇ ಮುಗಿಯುತ್ತದೆ. ಮಿಕ್ಕ ಲಕ್ಷಗಟ್ಟಲೆ ಪದಗಳ ಪಾಲು ಉಳಿದ ಐದರಲ್ಲಿ ಒಂದು ಭಾಗ. ದಪ್ಪನೆಯ ನಿಘಂಟು ಕಂಡು ಎದೆಗುಂದುವವರಿಗೆ ಇದಕ್ಕಿಂತ ಸಿಹಿಸುದ್ದಿ ಬೇರಿಲ್ಲ.

ಇನ್ನೊಬ್ಬರು ಕೇಂಬ್ರಿಜ್‌ನ ಸಿ.ಕೆ. ಆಗ್ಡನ್. 1930ರಲ್ಲಿ ‘ಬೇಸಿಕ್ ಇಂಗ್ಲಿಷ್’ ಎಂದು 850 ಪದಗಳ ಪುಟ್ಟ ಭಾಷೆಯೊಂದನ್ನೇ ಕಟ್ಟಿದರು. ಜಗತ್ತೆಲ್ಲ ಅದನ್ನು ಆಡಲಿ ಎಂಬ ಅವರ ಆಸೆ ಕೈಗೂಡಲಿಲ್ಲ, ಒಳ್ಳೆಯದೇ ಆಯಿತು. ಆದರೆ ಅವರ ಪಟ್ಟಿಯಲ್ಲಿ ಒಂದು ಸೋಜಿಗವಿದೆ. 850 ಪದಗಳಲ್ಲಿ ಕ್ರಿಯಾಪದಗಳು ಕೇವಲ 18: ಕಮ್, ಗೋ, ಗೆಟ್, ಗಿವ್, ಟೇಕ್, ಪುಟ್, ಕೀಪ್, ಲೆಟ್, ಮೇಕ್, ಸೇ, ಸೀ, ಸೆಂಡ್, ಸೀಮ್, ಬಿ, ಡೂ, ಹ್ಯಾವ್, ಮೇ, ವಿಲ್. ಮಿಕ್ಕದ್ದೆಲ್ಲ ಹೆಸರು, ವಿಶೇಷಣ, ಚಿಕ್ಕಪುಟ್ಟ ಜೋಡಣೆಯ ಪದಗಳು.

ಟಿನ್ ಫ್ಯಾಕ್ಟರಿಯ ಹುಡುಗನ ಬಳಿ ಇರುವುದನ್ನೂ ಆಗ್ಡನ್ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ನೋಡಿ. ಅವನಿಗೆ ಹೆಸರುಗಳಿವೆ, ಈ ಹದಿನೆಂಟಿಲ್ಲ. ಬಾಯಲ್ಲಿರುವ ಬೇರೆ ಕೆಲವು ಇಂಗ್ಲಿಷ್ ಕ್ರಿಯಾಪದಗಳೂ ಕ್ರಿಯಾಪದವಾಗಿ ಉಳಿದಿಲ್ಲ. ಕನ್ನಡಕ್ಕೆ ಬಂದ ಇಂಗ್ಲಿಷ್ ಕ್ರಿಯಾಪದ ತನ್ನ ಕಾಲ, ವಚನ, ಪುರುಷ ಎಲ್ಲವನ್ನೂ ಹೊಸ್ತಿಲಾಚೆ ಬಿಟ್ಟು ಬರುತ್ತದೆ. ‘ಕ್ಯಾನ್ಸಲ್ ಆಯ್ತು’, ‘ಅಡ್ಜಸ್ಟ್ ಮಾಡ್ಕೊಳಿ’, ‘ಕನ್ಫರ್ಮ್ ಮಾಡ್ತೀನಿ’. ದುಡಿಯುವುದು ಆಗು, ಮಾಡು, ಹಾಕು, ಕೊಡು. ಹಾಗಾಗಿ ವರ್ಷಕ್ಕೆ ಸಾವಿರ ಸಲ ಕ್ಯಾನ್ಸಲ್ ಎಂದವನಿಗೂ ‘ಕ್ಯಾನ್ಸಲ್ಡ್’ ಎಂಬ ರೂಪ ಬಾಯಿಗೆ ಬರುವುದಿಲ್ಲ. ಹೊಸ ಪದ ಕಲಿಸುವುದಕ್ಕಿಂತ, ಬಾಯಲ್ಲಿರುವ ಪದಕ್ಕೆ ಅದರ ನಿನ್ನೆ-ನಾಳೆಗಳನ್ನು ವಾಪಸು ಕೊಡಿಸುವುದೇ ಹತ್ತಿರದ ದಾರಿ.

‘ಹ್ಯಾವ್’ ಎಂಬುದನ್ನೇ ತೆಗೆದುಕೊಳ್ಳಿ. ಕನ್ನಡದಲ್ಲಿ ಇದಕ್ಕೆ ಸರಿಸಾಟಿಯಾದ ಒಂದು ಕ್ರಿಯಾಪದವಿಲ್ಲ. ನಮ್ಮ ಹತ್ತಿರ ಫೋನು ‘ಇರುತ್ತದೆ’, ನಮಗೆ ಇಬ್ಬರು ಮಕ್ಕಳು ‘ಇದ್ದಾರೆ’, ನಮಗೆ ಜ್ವರ ‘ಬಂದಿದೆ’, ನಾಳೆ ಮೀಟಿಂಗು ‘ಇದೆ’. ಮೂಗುತಿ, ಮಗು, ಮಧುಮೇಹ ಎಲ್ಲಕ್ಕೂ ಇಂಗ್ಲಿಷಿನವರು ಒಂದೇ ‘ಐ ಹ್ಯಾವ್’ ಹಚ್ಚಿ ಮುಗಿಸುತ್ತಾರೆ. ಕನ್ನಡದ ಬಾಯಿಗೆ ಇದು ಬಲು ಅಗ್ಗದ ಸರಕು. ಒಂದು ಕಲಿತರೆ ನಾಲ್ಕು ಕೆಲಸ ಆಗುತ್ತದೆ. ಆದರೆ ಶಾಲೆಯಲ್ಲಿ ನಾವು ಜ್ವರಕ್ಕೆ ಕಲಿಸಿದ್ದೇನು? ರಜಾ ಅರ್ಜಿಯ ‘ಆ್ಯಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್’. ರಾಜ್ಯದ ಯಾವ ಮೂಲೆಯಲ್ಲಿ ಓದಿದವರನ್ನು ಎಬ್ಬಿಸಿ ಕೇಳಿದರೂ ಈ ಸಾಲು ಬರುತ್ತದೆ. ಜ್ವರ ಬಿಟ್ಟು ಹೊಟ್ಟೆನೋವು ಬಂದರೆ ಅರ್ಜಿ ಕೈಕೊಡುತ್ತದೆ.

2007-08ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲು ಶುರು ಮಾಡಿದರು. ಅದಕ್ಕೂ ಮುನ್ನ ಐದನೇ ತರಗತಿಯವರೆಗೆ ಕಾಯಬೇಕಿತ್ತು. ಆ ವರ್ಷ ಒಂದನೇ ತರಗತಿಗೆ ಸೇರಿದ ಮಗು ಈಗ ಇಪ್ಪತ್ತೈದರ ಆಸುಪಾಸು. ಕೆ.ಆರ್. ಪುರದಲ್ಲಿ ಬೈಕ್ ಹಿಂದೆ ಚೌಕದ ಚೀಲ ಕಟ್ಟಿಕೊಂಡು ಊಟ ತಲುಪಿಸುವವರಲ್ಲಿ, ಮಾಲ್‌ಗಳಲ್ಲಿ ಬಿಲ್ಲಿಂಗ್ ಕೌಂಟರಿನ ಹಿಂದೆ ನಿಂತವರಲ್ಲಿ ಈ ತಲೆಮಾರಿನವರೇ ತುಂಬಿದ್ದಾರೆ. ಹತ್ತು ವರ್ಷ ಇಂಗ್ಲಿಷ್ ಓದಿ ಪಾಸಾಗಿ ಬಂದವರು. ಗಿರಾಕಿಗೆ ಮಾತ್ರ ‘ಸಾರ್, ಲೊಕೇಶನ್ ರೀಚ್ಡ್, ಲಿಫ್ಟ್ ನಾಟ್ ವರ್ಕಿಂಗ್’ ಎಂದು ಮೆಸೇಜು ಕಳಿಸುತ್ತಾರೆ. ಕೆಲಸ ನಡೆಯುತ್ತದೆ, ನಿಜ. ಆದರೆ ಬಡ್ತಿಯ ಮಾತು ಬಂದಾಗ, ಗಿರಾಕಿ ತಗಾದೆ ತೆಗೆದಾಗ, ನಡೆದದ್ದು ಏನು ಎಂದು ವಿವರಿಸಬೇಕಾದಾಗ ಅದು ನಿಂತುಬಿಡುತ್ತದೆ. ಯಾರು ಯಾರಿಗೆ ಏನು ಮಾಡಿದರು, ಯಾವಾಗ ಮಾಡಿದರು ಎಂದು ಹೇಳಲು ಕ್ರಿಯಾಪದವೇ ಬೇಕು.

ಮೂರು ಗಂಟು

ಕನ್ನಡ ಮನೆಮಾತಿನವರು ಇಂಗ್ಲಿಷಿನಲ್ಲಿ ತೊಡಕುವ ಜಾಗಗಳು ಹತ್ತಾರು. ನನಗೆ ಮುಖ್ಯ ಎನಿಸುವುದು ಮೂರು. ‘ಎ’, ‘ದಿ’ಗಳ ಗೋಳನ್ನು ಬೇಕೆಂದೇ ಬಿಟ್ಟಿದ್ದೇನೆ. ಅವು ತಪ್ಪಿದರೆ ಯಾರ ಕೆಲಸವೂ ಕೆಡುವುದಿಲ್ಲ.

ಮೊದಲನೆಯದು ಕಾಲದ್ದು. ‘ದಿನಾ ಬರ್ತೀನಿ’, ‘ನಾಳೆ ಬರ್ತೀನಿ’. ಕನ್ನಡಕ್ಕೆ ಎರಡೂ ಒಂದೇ ‘ಬರ್ತೀನಿ’. ರೂಢಿಯೋ ಭವಿಷ್ಯವೋ ಎಂಬುದನ್ನು ‘ದಿನಾ’, ‘ನಾಳೆ’ಗಳೇ ಹೇಳಿಬಿಡುತ್ತವೆ. ಇಂಗ್ಲಿಷಿಗೆ ಅಷ್ಟು ಸಾಲದು. ‘ಐ ಕಮ್ ಡೈಲಿ’ ಬೇರೆ, ‘ಐ ವಿಲ್ ಕಮ್ ಟುಮಾರೊ’ ಬೇರೆ. ನಮ್ಮವರು ಎರಡಕ್ಕೂ ‘ಐ ಆಮ್ ಕಮಿಂಗ್’ ಎಂದು ದಾಟಿಸಿಬಿಡುತ್ತಾರೆ. ಆ ‘ವಿಲ್’ ಕಲಿಯಲು ದುಡ್ಡು ಕೊಡಬೇಕಾಗಿಲ್ಲ. 2023ರ ಮಾರ್ಚಿನಲ್ಲಿ ಕೆ.ಆರ್. ಪುರದಿಂದ ವೈಟ್‌ಫೀಲ್ಡಿನವರೆಗಿನ ಮೆಟ್ರೊ ಶುರುವಾಯಿತು, ಅದೇ ವರ್ಷದ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯ ಕೊಂಡಿಯೂ ಕೂಡಿತು. ಸಿಂಗಯ್ಯನಪಾಳ್ಯದಿಂದ ಕಾಡುಗೋಡಿಯವರೆಗೆ 11 ನಿಲ್ದಾಣ. ಪ್ರತಿ ನಿಲ್ದಾಣಕ್ಕೂ ಮೊದಲು ಕನ್ನಡ, ಹಿಂದೆಯೇ ಇಂಗ್ಲಿಷ್: ಬಾಗಿಲು ಎಡಕ್ಕೋ ಬಲಕ್ಕೋ ‘ವಿಲ್ ಓಪನ್’. ಕನ್ನಡದ ಪ್ರಕಟಣೆಗೆ ದನಿಯಾದ ಅಪರ್ಣಾ 2024ರ ಜುಲೈನಲ್ಲಿ ತೀರಿಕೊಂಡರು. ಅವರ ಸ್ಪಷ್ಟ ಕನ್ನಡ ಮುಗಿದೊಡನೆ ಅದೇ ಸುದ್ದಿ ಇನ್ನೊಂದು ಭಾಷೆಯಲ್ಲಿ ಬರುವಾಗ, ಅರ್ಥ ಮೊದಲೇ ಗೊತ್ತಿರುವ ವಾಕ್ಯವೊಂದು ಹೋಗಿ ಬರುವವರ ಕಿವಿಗೆ ದಿನಕ್ಕೆ ಇಪ್ಪತ್ತೆರಡು ಸಲ ಬೀಳುತ್ತದೆ. ಭಾಷೆ ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಟೇಪ್‌ರೆಕಾರ್ಡರ್ ಸಿಕ್ಕೀತೇ? ಕಿವಿಯಲ್ಲಿ ಇಯರ್‌ಫೋನು ತುರುಕಿಕೊಂಡಿದ್ದರೆ ಬೇರೆ ಮಾತು.

ಎರಡನೆಯದು ಪ್ರಶ್ನೆ. ಕನ್ನಡದಲ್ಲಿ ಪ್ರಶ್ನೆ ಕೇಳುವುದಕ್ಕೆ ಬಾಲಕ್ಕೊಂದು ‘ಆ’ ಸಾಕು. ಬಂದ್ರು, ಬಂದ್ರಾ? ಬೆಂಗಳೂರಿನವರು ಈ ‘ಆ’ವನ್ನು ಇಂಗ್ಲಿಷಿಗೂ ಅಂಟಿಸಿ ‘ಕಮಿಂಗಾ?’, ‘ಓಕೆನಾ?’ ಎಂದು ಆರಾಮಾಗಿದ್ದಾರೆ. ಇಂಗ್ಲಿಷ್ ಮಾತ್ರ ಪ್ರಶ್ನೆಗೆಂದು ‘ಡೂ’ ಎಂಬ ಸಹಾಯಕನನ್ನು ಮುಂದೆ ತಂದು ನಿಲ್ಲಿಸುತ್ತದೆ. ಕಾಲದ ಗುರುತೆಲ್ಲ ಆ ಸಹಾಯಕನಿಗೆ ಹೋಗುತ್ತದೆ, ಮುಖ್ಯ ಕ್ರಿಯಾಪದ ಬರಿಮೈಯಲ್ಲಿ ಉಳಿಯುತ್ತದೆ. ‘ಹೀ ಕೇಮ್’ ಎಂಬುದು ‘ಡಿಡ್ ಹೀ ಕಮ್?’ ಆಗುತ್ತದೆ. ನಮ್ಮವರು ಎರಡು ಕಡೆಯೂ ಗುರುತು ಹಾಕಿ ‘ಡಿಡ್ ಹೀ ಕೇಮ್?’ ಎನ್ನುತ್ತಾರೆ. ‘ಡಿಡ್’ ಬಂದ ಮೇಲೆ ಇನ್ನೊಂದು ಸಲ ಹಳೇ ಕಾಲ ಬೇಡ ಎಂಬ ಒಂದೇ ಒಂದು ಮಾತನ್ನು ಕನ್ನಡದಲ್ಲೇ ಬಿಡಿಸಿ ಹೇಳಿದರೆ ಐದು ನಿಮಿಷದಲ್ಲಿ ತಲೆಗೆ ಹೋಗುತ್ತದೆ. ನಾಲಿಗೆಗೆ ಇಳಿಯಲು ತಿಂಗಳುಗಳು ಬೇಕು.

ಮೂರನೆಯದು ಮರ್ಯಾದೆ. ಇದನ್ನು ಕೋಚಿಂಗ್ ಕ್ಲಾಸುಗಳು ಮುಟ್ಟುವುದೇ ಅಪರೂಪ. ‘ಒಂಚೂರು ನೀರು ಕೊಡಿ ಅಕ್ಕ’ ಎಂದರೆ ಅದರಲ್ಲಿ ಸಂಕೋಚ, ಗೌರವ, ಸಲಿಗೆ ಎಲ್ಲವೂ ಇವೆ. ಅಷ್ಟನ್ನೂ ಹೊರುವುದು ‘ಕೊಡಿ’ಯ ಕೊನೆಯ ‘ಇ’ ಮತ್ತು ಆ ‘ಅಕ್ಕ’. ಮನೆಗೆಲಸಕ್ಕೆ ಬರುವ ಹೆಂಗಸು ಇದನ್ನೇ ‘ಗಿವ್ ವಾಟರ್’ ಎಂದಾಗ, ಅವಳ ತಲೆಯಲ್ಲಿ ‘ಕೊಡಿ’ ಇರುತ್ತದೆ, ಎದುರಿನವರ ಕಿವಿಗೆ ‘ಕೊಡು’ ಕೇಳುತ್ತದೆ. ‘ಎಷ್ಟು ಜೋರು ನೋಡಿ’ ಎಂದು ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ದೂರು. ಇಂಗ್ಲಿಷಿನ ಕ್ರಿಯಾಪದಕ್ಕೆ ಮರ್ಯಾದೆಯ ಬಾಲ ಇಲ್ಲ. ಅದು ಪ್ರಶ್ನೆಯ ವೇಷದಲ್ಲಿ ಬರಬೇಕು: ‘ಕ್ಯಾನ್ ಐ ಹ್ಯಾವ್ ಸಮ್ ವಾಟರ್, ಪ್ಲೀಸ್?’ ಇದಕ್ಕೆ ಇನ್ನೊಂದು ಮುಖವೂ ಇದೆ. ಇಪ್ಪತ್ತರ ಹುಡುಗ ಐವತ್ತು ದಾಟಿದ ಕಾವಲುಗಾರನನ್ನು ಕನ್ನಡದಲ್ಲೋ ಹಿಂದಿಯಲ್ಲೋ ಏಕವಚನದಲ್ಲಿ ಕರೆಯುವುದುಂಟು. ಇಂಗ್ಲಿಷಿಗೆ ತಿರುಗಿದ ಕೂಡಲೇ ಇಬ್ಬರಿಗೂ ಒಂದೇ ‘ಯು’. ಇಂಗ್ಲಿಷ್ ಕಲಿಯುವ ಆಸೆಗೆ ಸಂಬಳದಾಚೆಗಿನ ಕಾರಣಗಳೂ ಇರುತ್ತವೆ.

ರೈಲ್ವೆ ವೇಳಾಪಟ್ಟಿಯ ಪಾಠ

ಇದನ್ನೆಲ್ಲ ಕಲಿಸುವುದು ಹೇಗೆ? ಫುಟ್‌ಪಾತಿನ ಪುಸ್ತಕದಂಗಡಿಯಲ್ಲಿ ಉತ್ತರ ಸಿಗುತ್ತದೆ ಎಂದು ಒಂದು ಕಾಲದಲ್ಲಿ ಎಲ್ಲರೂ ನಂಬಿದ್ದರು. ಕಪಿಲ್ ದೇವ್ ಜಾಹೀರಾತು ಕೊಡುತ್ತಿದ್ದ ರ‍್ಯಾಪಿಡೆಕ್ಸ್ ಎಷ್ಟು ಮನೆಗಳ ಶೆಲ್ಫಿನಲ್ಲಿ ಇಪ್ಪತ್ತನೇ ಪುಟಕ್ಕೆ ನಿಂತಿದೆಯೋ. ಇನ್ನೂ ಗಟ್ಟಿ ಜನ ರೆನ್ ಮತ್ತು ಮಾರ್ಟಿನ್ ವ್ಯಾಕರಣ ಹಿಡಿದರು. ಆ ರೆನ್ ಮಹಾಶಯ ಬ್ರಿಟಿಷ್ ಇಂಡಿಯಾದ ಶಿಕ್ಷಣ ಇಲಾಖೆಯಲ್ಲಿದ್ದವರು, ಆಮೇಲೆ ಸಾಹಸದ ಕಾದಂಬರಿ ಬರೆದು ಹೆಸರಾದವರು. ಅವರ ಕಾದಂಬರಿಗಳಿಗಿಂತ ವ್ಯಾಕರಣವೇ ನಮ್ಮವರಿಗೆ ಹೆಚ್ಚು ರೋಚಕ ಸಾಹಸವಾದದ್ದು ವಿಧಿ.

ಉತ್ತರ ಬೇರೆ ಕಡೆ, ನಮ್ಮದೇ ಊರಿನಲ್ಲಿ ಇತ್ತು. ಮೆಟ್ರೊದ ಪರ್ಪಲ್ ಲೈನ್ ಹಿಡಿದು ನಗರದ ಇನ್ನೊಂದು ತುದಿಯ ಕಡೆ ಹೋದರೆ ಜ್ಞಾನಭಾರತಿ ನಿಲ್ದಾಣ ಸಿಗುತ್ತದೆ. ಜ್ಞಾನಭಾರತಿ ಆವರಣದಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. ದಕ್ಷಿಣ ರಾಜ್ಯಗಳ ಇಂಗ್ಲಿಷ್ ಮೇಷ್ಟ್ರುಗಳ ತರಬೇತಿಗೆಂದು 1963ರಲ್ಲಿ ಹುಟ್ಟಿದ್ದು. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರು ಈ ಸಂಸ್ಥೆ ಮತ್ತು ಬ್ರಿಟಿಷ್ ಕೌನ್ಸಿಲ್ ಜೊತೆ ಸೇರಿ ಬೆಂಗಳೂರು, ಮದ್ರಾಸು ಮೊದಲಾದ ಕಡೆಯ ಮಾಮೂಲಿ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಭಾಷಾಬೋಧನೆಯ ಪುಸ್ತಕಗಳಲ್ಲಿ ಅದು ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಪ್ರಸಿದ್ಧ. ಕೆಲಸದ ಮೂಲಕ ಭಾಷೆ ಕಲಿಸುವ ಪದ್ಧತಿ ಇವತ್ತು ದೇಶದೇಶಗಳಲ್ಲಿ ಚಾಲ್ತಿಯಲ್ಲಿದೆ, ಅದರ ಚರಿತ್ರೆ ಬರೆಯುವವರು ಬೆಂಗಳೂರನ್ನು ಬಿಟ್ಟು ಬರೆಯಲಾರರು. ಬೆಂಗಳೂರಿನ ಜನಕ್ಕೆ ಮಾತ್ರ ಇದರ ಸುದ್ದಿ ಗೊತ್ತಿಲ್ಲ!

ಪ್ರಭು ಅವರ ತರಗತಿಯಲ್ಲಿ ವ್ಯಾಕರಣದ ಪಾಠ ಇರಲಿಲ್ಲ, ಪದಗಳ ಪಟ್ಟಿಯೂ ಇರಲಿಲ್ಲ. ಮೂವತ್ತರಿಂದ ಅರವತ್ತು ಮಕ್ಕಳು, ಬೋರ್ಡು, ಸೀಮೆಸುಣ್ಣ. ಮೇಷ್ಟ್ರು ಒಂದು ರೈಲ್ವೆ ವೇಳಾಪಟ್ಟಿಯನ್ನೋ ನಕ್ಷೆಯನ್ನೋ ಬೋರ್ಡಿನ ಮೇಲೆ ಬರೆದು, ಅದರ ಮೇಲೊಂದು ಸಮಸ್ಯೆ ಒಡ್ಡಿ, ಇಡೀ ತರಗತಿಯ ಜೊತೆ ಇಂಗ್ಲಿಷಿನಲ್ಲೇ ಬಿಡಿಸುತ್ತಿದ್ದರು. ಈ ಗಾಡಿ ಎಷ್ಟು ಹೊತ್ತಿಗೆ ಬಿಡುತ್ತದೆ? ದಾರಿಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ? ಇದು ತಪ್ಪಿದರೆ ಮುಂದಿನದು ಯಾವುದು? ಆಮೇಲೆ ಅಂಥದೇ ಇನ್ನೊಂದು ಸಮಸ್ಯೆಯನ್ನು ಮಕ್ಕಳು ಒಬ್ಬೊಬ್ಬರೇ ಬಿಡಿಸಬೇಕು. ಅಂಕ ಸಿಗುವುದು ಉತ್ತರ ಸರಿಯಿದ್ದರೆ, ಭಾಷೆಯ ತಪ್ಪಿಗೆ ಕೆಂಪು ಗೀಟು ಇಲ್ಲ. ತರಗತಿಯ ಅರ್ಧದಷ್ಟು ಮಕ್ಕಳು ಅರ್ಧದಷ್ಟು ಉತ್ತರ ಸರಿ ಬರೆದರೆ ಸಮಸ್ಯೆ ಹದವಾಗಿದೆ ಎಂದು ಲೆಕ್ಕ. ಅರ್ಥದ ಹಿಂದೆ ಮನಸ್ಸು ಬಿದ್ದಿರುವಾಗಲೇ ವ್ಯಾಕರಣ ತಾನಾಗಿ ಒಳಗೆ ಕಟ್ಟಿಕೊಳ್ಳುತ್ತದೆ ಎಂಬುದು ಪ್ರಭು ಅವರ ವಾದ. ಇದನ್ನೆಲ್ಲ ಅವರು 1987ರಲ್ಲಿ ಪುಸ್ತಕವಾಗಿ ಬರೆದರು.

ಅದು ಫಲಿಸಿತೇ? ಅಲನ್ ಬೆರೆಟ್ಟಾ ಮತ್ತು ಅಲನ್ ಡೇವಿಸ್ ಎಂಬಿಬ್ಬರು ಹೊರಗಿನವರು ಬಂದು ಪರೀಕ್ಷೆ ಇಟ್ಟು ನೋಡಿದರು. 1985ರಲ್ಲಿ ಪ್ರಕಟವಾದ ಫಲಿತಾಂಶ ಗಿಣಿಶಾಸ್ತ್ರದಷ್ಟು ಸರಳವಾಗಿರಲಿಲ್ಲ. ಹಳೆಯ ಪದ್ಧತಿಯಲ್ಲಿ ಕಲಿತವರು ಹಳೆಯ ಬಗೆಯ ವ್ಯಾಕರಣ ಪರೀಕ್ಷೆಯಲ್ಲಿ ಮುಂದಿದ್ದರು, ಪ್ರಾಜೆಕ್ಟಿನ ಮಕ್ಕಳು ಕೆಲಸ ಬಿಡಿಸುವ ಪರೀಕ್ಷೆಯಲ್ಲಿ. ಆದರೆ ಯಾರ ಪಕ್ಷವೂ ಅಲ್ಲದ ಪರೀಕ್ಷೆಗಳಲ್ಲಿ, ಅಂದರೆ ಕೇಳಿ ಬರೆಯುವುದು, ಓದಿ ತಿಳಿಯುವುದು ಇಂಥವುಗಳಲ್ಲಿ, ಒಟ್ಟಾರೆ ಪ್ರಾಜೆಕ್ಟಿನ ಮಕ್ಕಳ ಕೈಯೇ ಮೇಲಾಗಿತ್ತು. ನನ್ನ ತಕರಾರು ಒಂದಿದೆ. ಆ ಮಕ್ಕಳು ಕೇಳಿದ್ದು ಹೆಚ್ಚು, ಆಡಿದ್ದು ಕಡಿಮೆ. ಅವರಿಗೆ ವರ್ಷಗಳ ಪುರುಸೊತ್ತಿತ್ತು. ಎಂಟು ತಾಸು ನಿಂತು ದುಡಿದು ಬರುವ ಮೂವತ್ತರ ಹೆಂಗಸಿಗೆ ಆ ಪುರುಸೊತ್ತಿಲ್ಲ. ಆದ್ದರಿಂದ ‘ಡಿಡ್’ ಬಂದ ಮೇಲೆ ಮತ್ತೆ ಹಳೇ ಕಾಲ ಬೇಡ ಎಂಬಂಥ ಮಾತುಗಳನ್ನು ಬಾಯಿಬಿಟ್ಟು, ಕನ್ನಡದಲ್ಲೇ ಹೇಳಿಬಿಡಬೇಕು. ಹೇಳಿದ ಮೇಲೆ ನಿಯಮವನ್ನು ಉರು ಹೊಡೆಸದೆ ಕೆಲಸಕ್ಕೆ ಹಚ್ಚಬೇಕು.

ಕನ್ನಡದಲ್ಲಿ ಹೇಳಿ ಇಂಗ್ಲಿಷ್ ಕಲಿಸುವುದಕ್ಕೆ ಮೂಗು ಮುರಿಯುವವರಿದ್ದಾರೆ. ಅಂಥವರು ಎರಡೂ ಭಾಷೆಗಳನ್ನು ಜೊತೆಗೇ ಇಟ್ಟುಕೊಂಡವರನ್ನು ನೆನೆಯಬೇಕು. ಕನ್ನಡಕ್ಕೆ ಅಗ್ರಸ್ಥಾನ ಕೇಳಿ 1981ರಲ್ಲಿ ವರದಿ ಕೊಟ್ಟ ವಿ.ಕೃ. ಗೋಕಾಕರು ಇಂಗ್ಲಿಷ್ ಪ್ರಾಧ್ಯಾಪಕರು, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು. ‘ಇಂಗ್ಲಿಷ್ ಗೀತಗಳು’ ಕೊಟ್ಟು ಹೊಸಗನ್ನಡ ಕಾವ್ಯಕ್ಕೆ ದಾರಿ ಮಾಡಿದ ಬಿ.ಎಂ.ಶ್ರೀ. ಕೂಡ ಇಂಗ್ಲಿಷ್ ಮೇಷ್ಟ್ರೇ. ಒಂದು ಭಾಷೆ ಬರಲು ಇನ್ನೊಂದು ಹೊರಗೆ ಹೋಗಬೇಕು ಎಂದು ಅವರಿಬ್ಬರಿಗೂ ಅನಿಸಿರಲಿಕ್ಕಿಲ್ಲ.

ಗೇಟಿನ ರಿಜಿಸ್ಟರು

ಕೆ.ಆರ್. ಪುರಕ್ಕೆ ಪ್ರಭು ಅವರ ವೇಳಾಪಟ್ಟಿಯ ಪಾಠವನ್ನು ತರುವುದಾದರೆ ದೂರ ಹೋಗಬೇಕಿಲ್ಲ. ಹೂಡಿ, ಗರುಡಾಚಾರ್‌ಪಾಳ್ಯದ ಯಾವ ಅಪಾರ್ಟ್‌ಮೆಂಟಿನ ಗೇಟಿಗೆ ಹೋದರೂ ಮೇಜಿನ ಮೇಲೆ ಉದ್ದನೆಯ ರಿಜಿಸ್ಟರು ಸಿಗುತ್ತದೆ. ಆ್ಯಪ್ ಬಂದಿರುವ ಕಡೆಯೂ ಅದು ಹೋಗಿಲ್ಲ. ನೇಮ್, ಫ್ಲ್ಯಾಟ್ ನಂಬರ್, ಪರ್ಪಸ್, ಇನ್-ಟೈಮ್, ಔಟ್-ಟೈಮ್, ಸೈನ್. ಐದಾರು ಕಾಲಂ, ಒಂದರಲ್ಲೂ ಕ್ರಿಯಾಪದವಿಲ್ಲ. ಇಡೀ ದಿನದ ಕತೆ ಅದರಲ್ಲಿದೆ, ಆದರೆ ಹೆಸರುಗಳ ರೂಪದಲ್ಲಿ.

ಪಾಠ ಇಷ್ಟೇ: ಒಂದು ಸಾಲನ್ನು ವಾಕ್ಯ ಮಾಡಿ ಓದುವುದು. ಪ್ಲಂಬರ್, 304, ಟ್ಯಾಪ್, 10.05, 10.50. ‘ಎ ಪ್ಲಂಬರ್ ಕೇಮ್ ಅಟ್ ಟೆನ್ ಫೈವ್. ಹೀ ವೆಂಟ್ ಟು ಥ್ರೀ ಜೀರೊ ಫೋರ್. ಹೀ ಪುಟ್ ಇನ್ ಎ ನ್ಯೂ ಟ್ಯಾಪ್. ಹೀ ಲೆಫ್ಟ್ ಅಟ್ ಟೆನ್ ಫಿಫ್ಟಿ.’ ಆಗ್ಡನ್ನರ ಹದಿನೆಂಟರಲ್ಲಿ ಮೂರು ಇಲ್ಲೇ ಬಂದವು. ಗಂಟೆಗೆ ಮೊದಲು ‘ಅಟ್’ ಕೂರುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಪುಟ ಮುಗಿಯುವುದರೊಳಗೆ ಮೂವತ್ತು ಸಲ ಬಂದಿರುತ್ತದೆ. ಆಮೇಲೆ ಪ್ರಶ್ನೆ: ಔಟ್-ಟೈಮ್ ಖಾಲಿ ಇರುವ ಸಾಲುಗಳು ಯಾವುವು? ಅವರು ಇನ್ನೂ ಒಳಗಿದ್ದಾರೆಯೇ, ಸೈನ್ ಮಾಡದೆ ಹೊರಟುಹೋದರೇ? ‘ಡಿಡ್ ಹೀ ಗೋ? ಈಸ್ ಹೀ ಇನ್‌ಸೈಡ್?’ ಇಂಟರ್‌ಕಾಮ್ ಎತ್ತಿ 304ರವರನ್ನು ಕೇಳಲೇಬೇಕು. ಇದು ಉತ್ತರ ಮೊದಲೇ ಗೊತ್ತಿರುವ ಪುಸ್ತಕದ ಪ್ರಶ್ನೆಯಲ್ಲ. ಉತ್ತರ ನಿಜವಾಗಿಯೂ ಬೇಕಾಗಿದೆ.

ಮನೆಯಲ್ಲಿ ಇದೇ ಕೆಲಸವನ್ನು ಮಕ್ಕಳ ಶಾಲೆಯ ಡೈರಿ ಮಾಡಬಲ್ಲದು. ದುಡಿದ ದುಡ್ಡಿನಲ್ಲಿ ದೊಡ್ಡ ಪಾಲು ಸುರಿದು ಇಂಗ್ಲಿಷ್ ಮೀಡಿಯಂಗೆ ಸೇರಿಸಿದ ತಾಯಂದಿರು ಡೈರಿಗೆ ಸೈನ್ ಹಾಕಿ, ಅದರಲ್ಲಿ ಏನಿದೆ ಎಂದು ಮಗುವನ್ನೇ ಕೇಳುತ್ತಾರೆ. ಮಗು ತನಗೆ ಬೇಕಾದಷ್ಟನ್ನು ಮಾತ್ರ ಹೇಳುತ್ತದೆ! ಡೈರಿಯ ಇಂಗ್ಲಿಷ್ ಕಷ್ಟದ್ದಲ್ಲ: ಬ್ರಿಂಗ್, ಸೆಂಡ್, ರೈಟ್, ಲರ್ನ್, ಪೇ. ಎಲ್ಲವೂ ಕ್ರಿಯಾಪದದಿಂದಲೇ ಶುರುವಾಗುವ ಅಪ್ಪಣೆಗಳು. ವಾರಕ್ಕೆ ಒಂದು ಸಲವಾದರೂ ಮಿಸ್ಸಿಗೆ ತಾವೇ ಒಂದು ಸಾಲು ಬರೆದು ಕಳಿಸಿದರೆ, ‘ಶೀ ಹ್ಯಾಸ್ ಫೀವರ್. ಶೀ ವಿಲ್ ಕಮ್ ಆನ್ ಮಂಡೇ’ ಎಂಬಷ್ಟು, ಸಫರಿಂಗಿನ ಹಂಗಿಲ್ಲದೆ ವಿಷಯ ತಲುಪುತ್ತದೆ.

ಮತ್ತೆ ಗೇಟಿನ ವಿಷಯಕ್ಕೆ ಬಂದರೆ, ರಿಜಿಸ್ಟರಿನ ಆಚೆ ಬದಿಯಲ್ಲಿ ನಿಲ್ಲುವವರ ಕತೆಯೂ ಇದೇ. ದೂರದ ರಾಜ್ಯಗಳಿಂದ ಬಂದು ಐದಾರು ವರ್ಷವಾದ ಟೆಕ್ಕಿಗಳಿಗೆ ಕನ್ನಡದ ಹೆಸರುಗಳೆಲ್ಲ ಗೊತ್ತು: ಊಟ, ನೀರು, ಅಣ್ಣ, ಎಡ, ಬಲ, ಸೊಪ್ಪು. ಕ್ರಿಯಾಪದ ಎಂದರೆ ‘ಗೊತ್ತಿಲ್ಲ’ ಒಂದೇ. ಅವರೂ ಅದೇ ಸಾಲನ್ನು ಕನ್ನಡದಲ್ಲಿ ಓದಬಹುದು. ಕಾವಲುಗಾರರು ‘ಕೇಮ್’ ಹುಡುಕುವ ಐದು ನಿಮಿಷದಲ್ಲಿ ಇವರು ‘ಬಂದ’ ಹುಡುಕಲಿ. ‘ಹತ್ತು ಗಂಟೆಗೆ ಪ್ಲಂಬರ್ ಬಂದ’ ಎಂದು ಗೆದ್ದ ಸಂಭ್ರಮದಲ್ಲಿ ಅವರು ಮುಂದಿನ ಸಾಲಿಗೆ ಹೋಗುತ್ತಾರೆ: ‘ಹನ್ನೊಂದು ಗಂಟೆಗೆ ಡಾಕ್ಟರ್ ಬಂದ.’ ಅಲ್ಲಿ ಕಾವಲುಗಾರರು ತಡೆಯಬೇಕಾಗುತ್ತದೆ. ‘ಬಂದ ಅಲ್ಲ ಸಾರ್, ಬಂದ್ರು ಅನ್ನಿ. ಪ್ಲಂಬರ್‌ಗೂ ಬಂದ್ರು ಅಂದ್ರೆ ಇನ್ನೂ ಒಳ್ಳೇದು, ನಮ್ಮೂರ ಕಡೆಯೋರೇ ಅವ್ರು.’